ಸೆರಗಿನ ಗಂಟಿನಲ್ಲಿ ಉಳಿದ ಗುಳಿಗೆಗಳು

ಮಾನ್ಯರೇ,

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ, ಶಾಲೆಯೊಂದರ ಪರಿಹಾರ ಕೇಂದ್ರದಲ್ಲಿ ನಾನೂ ಕೆಲ ದಿನ ಕೆಲಸ ಮಾಡಿದ್ದೆ. ಕಾಲಿನ ಗಾಯ ಕೀವುಗಟ್ಟಿದ್ದ ಅಜ್ಜಿಯೊಬ್ಬರು ಐದು ದಿನಕ್ಕೆಂದು ಕೊಟ್ಟಿದ್ದ ಆಂಟಿಬಯೊಟಿಕ್ ಗುಳಿಗೆಗಳನ್ನು ಎರಡೇ ದಿನ ನುಂಗಿ, ಉಳಿದವನ್ನು ಮೊಮ್ಮಗನ ಜ್ವರಕ್ಕೆಂದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದರು. ‘ಮತ್ತ ಡಾಕ್ಟರ್ ಯಾವಾಗ ಬರ್ತಾರೋ ಏನೋ’ ಎಂದ ಅವರನ್ನು ತಪ್ಪಿತಸ್ಥರೆನ್ನಲು ನನಗೆ ಮನಸ್ಸಾಗಲಿಲ್ಲ.

ಆದರೆ ಹೀಗೆ ಅರ್ಧಕ್ಕೆ ನಿಲ್ಲುವ ಚಿಕಿತ್ಸೆಯೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ಒಂದು ಕಾರಣ. ಅಂಥ ಬ್ಯಾಕ್ಟೀರಿಯಾಗಳಿಂದ ಅದೇ ವರ್ಷ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜಿದೆ. ಉಕ್ರೇನ್ ಯುದ್ಧದಲ್ಲಿ ಗಾಯಗೊಂಡು ನೆರೆದೇಶಗಳಿಗೆ ಬಂದವರಲ್ಲೂ ಇಂಥ ಸೋಂಕು ಕಂಡುಬಂದಿದೆ. ಇದಕ್ಕೆ ನಿರಾಶ್ರಿತರು ಕಾರಣರಲ್ಲ. ಇಕ್ಕಟ್ಟಾದ ಬಿಡಾರ, ಕಲುಷಿತ ನೀರು, ಸಾಲದ ಶೌಚಾಲಯ ಮತ್ತು ಅರ್ಧಕ್ಕೆ ನಿಲ್ಲುವ ಚಿಕಿತ್ಸೆ ಕಾರಣ.

ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟ 519.60ರಿಂದ 524.256 ಮೀಟರಿಗೆ ಏರಿದರೆ ನಮ್ಮ ಜಿಲ್ಲೆಯ ಇನ್ನಷ್ಟು ಊರುಗಳು ಎದ್ದು ಹೋಗಬೇಕಾಗುತ್ತದೆ. ಆದ್ದರಿಂದ ಜಿಲ್ಲಾಡಳಿತವು ಪ್ರತಿ ಪರಿಹಾರ ಕೇಂದ್ರ ಹಾಗೂ ಪುನರ್ವಸತಿ ಕೇಂದ್ರದಲ್ಲಿ ಶುದ್ಧ ನೀರು, ನಿತ್ಯ ಬರುವ ವೈದ್ಯರು, ರೋಗಿಯ ಜತೆಗೇ ಸಾಗುವ ಚಿಕಿತ್ಸಾ ಚೀಟಿ ಇವಿಷ್ಟನ್ನು ಮುಂಚಿತವಾಗಿಯೇ ಖಾತ್ರಿಪಡಿಸಬೇಕು. ಚೀಟಿಯಿಲ್ಲದೆ ಆಂಟಿಬಯೊಟಿಕ್ ಮಾರುವ ಔಷಧ ಅಂಗಡಿಗಳ ಮೇಲೂ ಕಣ್ಣಿಡಬೇಕು.

— ನಿವೃತ್ತ ಶಿಕ್ಷಕಿ, ಮುಧೋಳ, ಬಾಗಲಕೋಟೆ ಜಿಲ್ಲೆ