ಚಿತ್ರೀಕರಣದಲ್ಲಿ ದುಡಿದವರಿಗೆ ಕೂಲಿಯೂ ಅನುಭವ ಪತ್ರವೂ ಸಿಗಲಿ

ಮಾನ್ಯ ಸಂಪಾದಕರೇ,

ಪ್ಲಸ್ ಟು ಮುಗಿಸಿದ ಕಾಸರಗೋಡಿನ ಕನ್ನಡ ಮಕ್ಕಳು ‘ಸಿನಿಮಾ ಕೆಲಸ ಕಲಿಯಬೇಕು, ಎಲ್ಲಿಂದ ಆರಂಭಿಸಲಿ?’ ಎಂದು ಕೇಳಿಕೊಂಡು ಬದಿಯಡ್ಕದ ನನ್ನ ಸ್ಟುಡಿಯೋಕ್ಕೆ ಆಗಾಗ ಬರುತ್ತಾರೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮುಖ್ಯ ಕೋರ್ಸುಗಳಿಗೆ ಪದವಿ ಆಗಿರಬೇಕು, ಪ್ರವೇಶ ಪರೀಕ್ಷೆಯನ್ನೂ ದಾಟಬೇಕು. ಕೇರಳ ಸರಕಾರದ ಕೆ.ಆರ್. ನಾರಾಯಣನ್ ಸಂಸ್ಥೆ ಇರುವುದು ದೂರದ ಕೋಟ್ಟಯಂ ಜಿಲ್ಲೆಯಲ್ಲಿ. ಅಷ್ಟು ದೂರ ಕಳುಹಿಸುವ ಅನುಕೂಲವಿಲ್ಲದ ಮನೆಯ ಮಕ್ಕಳಿಗೆ ಉಳಿಯುವುದು ಕೆಲಸ ಮಾಡುತ್ತಾ ಕಲಿಯುವ ದಾರಿ. ನಾನೂ ಇಪ್ಪತ್ತೈದು ವರ್ಷಗಳ ಹಿಂದೆ ಮದುವೆ ಚಪ್ಪರದಲ್ಲಿ ಲೈಟು ಹಿಡಿದೇ ಈ ವೃತ್ತಿಗೆ ಬಂದವನು.

ಆ ದಾರಿ ಕೀಳಲ್ಲ. ಒಂದು ರಾತ್ರಿಯ ಯಕ್ಷಗಾನದ ನೇರ ಪ್ರಸಾರದಲ್ಲಿ ಹುಡುಗನೊಬ್ಬ ಕಲಿಯುವುದು ಬಹಳ. ರಂಗಸ್ಥಳದ ಹಳದಿ ಬೆಳಕಿನಲ್ಲಿ ವೇಷದ ಕೆಂಪು, ಹಸಿರು ಕೆಡದಂತೆ ವೈಟ್ ಬ್ಯಾಲೆನ್ಸ್ ಹೊಂದಿಸಬೇಕು. ಚೆಂಡೆಯ ಅಬ್ಬರದಲ್ಲಿ ಭಾಗವತರ ಸ್ವರ ಮುಳುಗದಂತೆ ಮೈಕಿನ ಮಟ್ಟ ನೋಡಿಕೊಳ್ಳಬೇಕು. ಮುಂಜಾವದ ಮೂರು ಗಂಟೆಗೆ ಲೆನ್ಸಿನ ಮೇಲೆ ಇಬ್ಬನಿ ಕೂರುವುದನ್ನು ಪರದೆಯಲ್ಲಿ ಚಿತ್ರ ಮಂಕಾಗುವ ಮೊದಲೇ ಗಮನಿಸಬೇಕು. ಮಂಗಳ ಹಾಡಿದ ಮೇಲೆ, ನಿದ್ದೆ ಎಷ್ಟೇ ಎಳೆಯುತ್ತಿದ್ದರೂ, ಮೆಮೊರಿ ಕಾರ್ಡಿನಲ್ಲಿರುವುದನ್ನೆಲ್ಲ ಎರಡು ಹಾರ್ಡ್ ಡಿಸ್ಕುಗಳಿಗೆ ಹಾಕಿ, ತೆರೆದು ನೋಡಿ, ಅನಂತರವೇ ಕಾರ್ಡು ಅಳಿಸಬೇಕು. ಇದಿಷ್ಟನ್ನು ತಪ್ಪದೆ ಮಾಡುವವನನ್ನು ಯಾವ ಚಿತ್ರತಂಡವೂ ನಂಬಿ ಸೇರಿಸಿಕೊಳ್ಳಬಹುದು.

ಚಿತ್ರತಂಡಗಳೇನೂ ನಮಗೆ ಅಪರೂಪವಲ್ಲ. 1995ರಲ್ಲಿ ತೆರೆಕಂಡ ಮಣಿರತ್ನಂ ಚಿತ್ರದ ಹಾಡಿಗಾಗಿ ಬೇಕಲ ಕೋಟೆಗೆ ಕ್ಯಾಮರಾ ಬಂದಿತ್ತು. 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯೇ ಒಂದು ಕನ್ನಡ ಚಿತ್ರದ ವಸ್ತುವಾಯಿತು. ತಂಡ ಬಂದಾಗಲೆಲ್ಲ ಊರಿನ ಹುಡುಗರು ಬೇಕಾಗುತ್ತಾರೆ, ಏಕೆಂದರೆ ಲೈಟಿನವರೊಡನೆ ಮಲಯಾಳ, ಮನೆಯ ಯಜಮಾನರೊಡನೆ ತುಳು, ನಿರ್ದೇಶಕರೊಡನೆ ಕನ್ನಡ ಮಾತನಾಡಿ ಕೆಲಸ ಸಾಗಿಸಬಲ್ಲವರು ಇಲ್ಲಿಯ ಮಕ್ಕಳು. ಆದರೆ ಕೂಲಿಯ ಮಾತು ಬಂದಾಗ ‘ಊಟವಿದೆ, ಅನುಭವವೂ ಸಿಗುತ್ತದೆ’ ಎಂಬ ಉತ್ತರ ಬರುತ್ತದೆ.

ನನ್ನಲ್ಲಿ ಕಲಿತ ಹುಡುಗನೊಬ್ಬ ಹೀಗೆ ಹದಿನೆಂಟು ದಿನ ಒಂದು ತಂಡದಲ್ಲಿ ದುಡಿದ. ಕ್ಲ್ಯಾಪ್ ಹಿಡಿದುದಲ್ಲದೆ ಒಂದು ಶಾಟಿನಿಂದ ಇನ್ನೊಂದಕ್ಕೆ ವೇಷ, ವಸ್ತು ಬದಲಾಗದಂತೆ ಗುರುತಿಡುವ ಕಂಟಿನ್ಯೂಟಿಯ ಪುಸ್ತಕವನ್ನೂ ಬರೆದ. ಮಳೆಯ ದೃಶ್ಯವೊಂದು ಎರಡು ದಿನಕ್ಕೆ ಹಂಚಿಹೋದಾಗ ನಾಯಕಿಯ ಕುಂಕುಮ ಎಷ್ಟು ಕರಗಿತ್ತು, ಕೊಡೆ ಯಾವ ಕೈಯಲ್ಲಿತ್ತು ಎಂಬುದನ್ನು ಅವನ ಪುಸ್ತಕ ನೋಡಿಯೇ ಸರಿಪಡಿಸಿದರು. ಕೊನೆಗೆ ಸಿಕ್ಕಿದ್ದು ಬಸ್ಸಿನ ಖರ್ಚು ಮಾತ್ರ. ತೆರೆಯ ಮೇಲೆ ಹೆಸರೂ ಬರಲಿಲ್ಲ. ಮಂಗಳೂರಿನಲ್ಲಿ ಮುಂದಿನ ಕೆಲಸ ಕೇಳಲು ಹೋದಾಗ ತೋರಿಸಲು ಅವನಲ್ಲಿದ್ದುದು ಮೊಬೈಲಿನ ಒಂದು ಫೋಟೋ. ಆ ಸಂಜೆ ಅವನ ಮುಖ ನೋಡಿ ನನಗೆ ಬಹಳ ನೋವಾಯಿತು, ಏಕೆಂದರೆ ‘ಹೋಗು, ಕಲಿಯುತ್ತೀ’ ಎಂದು ಕಳುಹಿಸಿದವನು ನಾನೇ.

1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಕಲಿಯುವವನಿಗೂ ಸ್ಟೈಪೆಂಡ್ ಉಂಟು. ಆದರೆ ಅಪ್ರೆಂಟಿಸರನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕಾದುದು ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಮಾತ್ರ. ಇಬ್ಬರು ಮೂವರು ಸೇರಿ ನಡೆಸುವ ನಮ್ಮ ಸ್ಟುಡಿಯೋಗಳಿಗೆ ಆ ನಿಯಮ ತಾಗುವುದಿಲ್ಲ. ಆದುದರಿಂದ ಚಿತ್ರೀಕರಣಕ್ಕೆ ಶಾಲೆ, ಮೈದಾನ, ಸಾರ್ವಜನಿಕ ಕಟ್ಟಡಗಳನ್ನು ಬಿಟ್ಟುಕೊಡುವಾಗ, ಸ್ಥಳೀಯ ಸಹಾಯಕರಿಗೆ ದಿನಗೂಲಿ ಮತ್ತು ಮಾಡಿದ ಕೆಲಸದ ವಿವರವಿರುವ ಪತ್ರ ಕೊಡಬೇಕೆಂಬ ಷರತ್ತನ್ನು ನಮ್ಮ ಪಂಚಾಯತುಗಳು ಹಾಕಬೇಕೆಂದು ಕೋರುತ್ತೇನೆ. ಕೇರಳ ಮತ್ತು ಕರ್ನಾಟಕದ ಚಲನಚಿತ್ರ ಅಕಾಡೆಮಿಗಳು ವರ್ಷಕ್ಕೊಂದಾದರೂ ಕಮ್ಮಟವನ್ನು ಕಾಸರಗೋಡಿನಲ್ಲಿ, ಕನ್ನಡದಲ್ಲಿ ನಡೆಸಿದರೆ ಇನ್ನೂ ಒಳಿತು.

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವಾಗ ನಾನು ಇಬ್ಬರನ್ನು ದಿನಗೂಲಿ ಕೊಟ್ಟು ಜತೆಗೆ ಸೇರಿಸಿಕೊಳ್ಳಲಿದ್ದೇನೆ. ತಿರುಗಾಟ ಮುಗಿಯುವ ಪತ್ತನಾಜೆಯ ಹೊತ್ತಿಗೆ ಅವರು ಎಷ್ಟು ರಾತ್ರಿ, ಯಾವ ಕೆಲಸ ಮಾಡಿದರು ಎಂಬುದನ್ನು ಬರೆದು ಸಹಿ ಹಾಕಿ ಕೊಡುತ್ತೇನೆ. ಜಿಲ್ಲೆಯ ಇತರ ಸ್ಟುಡಿಯೋದವರೂ ಹಾಗೆ ಮಾಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ವಿಡಿಯೋಗ್ರಾಫರ್, ಬದಿಯಡ್ಕ