ಎಲ್‌ಡಿಎಲ್ ‘ನಾರ್ಮಲ್’ ಅಂತ ಮಾತ್ರೆ ಬಿಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಎಲ್‌ಡಿಎಲ್ ಮಾತು ಬಂದಾಗಲೆಲ್ಲ ‘ಕೆಟ್ಟ ಕೊಬ್ಬು’ ಅಂತ ಹೇಳಿ ಮುಗಿಸುತ್ತೀರಿ. ಸ್ವಲ್ಪ ಬಿಡಿಸಿ ಬರೆಯಿರಿ. ನಾನು ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್.

ಕಳೆದ ತಿಂಗಳು ಒಬ್ಬರು ರಕ್ತ ಕೊಟ್ಟು ಹೋದರು. ಟ್ಯೂಬ್ ತಿರುಗಿಸಿ ತೆಗೆದರೆ ಮೇಲೆ ನಿಲ್ಲುವ ತಿಳಿ ದ್ರವ (ಸೀರಂ) ನೀರು ಮಜ್ಜಿಗೆ ಥರ ಬೆಳ್ಳಗಿತ್ತು. ಒಟ್ಟು ಕೊಲೆಸ್ಟ್ರಾಲ್ 204, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 32, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 380. ಎಲ್‌ಡಿಎಲ್ 96. ಪಕ್ಕದಲ್ಲಿ ‘100ಕ್ಕಿಂತ ಕಡಿಮೆ’ ಅಂತ ಅಚ್ಚಾಗಿರುತ್ತದಲ್ಲ, ಅದನ್ನು ನೋಡಿ ‘ನಾರ್ಮಲ್ ಇದೆ, ಇನ್ನು ಕೊಲೆಸ್ಟ್ರಾಲ್ ಮಾತ್ರೆ ಬಿಡ್ತೀನಿ’ ಅಂದರು. ಅವರಿಗೆ ಶುಗರ್ ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಕೂಡ ಹಾಕಿದ್ದಾರೆ! ಡಾಕ್ಟರನ್ನು ಕೇಳದೆ ಬಿಡಬೇಡಿ ಅಂತ ಕೈ ಹಿಡಿದು ಹೇಳಿ ಕಳಿಸಿದೆ.

ಆ 96 ಅಳೆದ ಅಂಕಿಯಲ್ಲ, ಲೆಕ್ಕ ಹಾಕಿದ್ದು. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆದರೆ ಸಿಗುವ ಅಂಕಿ. 1972ರ ಸೂತ್ರ ಇದು, ಈಗಲೂ ಎಷ್ಟೋ ಲ್ಯಾಬ್‌ಗಳಲ್ಲಿ ಇದೇ ನಡೆಯುತ್ತದೆ. ಟ್ರೈಗ್ಲಿಸರೈಡ್ ಏರಿದಷ್ಟೂ ಲೆಕ್ಕ ತಪ್ಪುತ್ತದೆ, 400 ದಾಟಿದರೆ ಈ ಸೂತ್ರ ಬಳಸುವ ಹಾಗೇ ಇಲ್ಲ.

ಇನ್ನೊಂದು ವಿಷಯ, ಎಲ್‌ಡಿಎಲ್ ಅಂದರೆ ಕೊಲೆಸ್ಟ್ರಾಲ್ ಅಲ್ಲ, ಅದನ್ನು ಹೊತ್ತು ತಿರುಗುವ ಕಣ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತದಲ್ಲ, ಹಾಗೆ ಕೊಬ್ಬು ರಕ್ತದಲ್ಲಿ ತಾನಾಗಿ ಬೆರೆಯುವುದಿಲ್ಲ. ಅದಕ್ಕೇ ಈ ಕಣ: ಒಳಗೆ ಕೊಲೆಸ್ಟ್ರಾಲ್ ಎಸ್ಟರ್ (ಕೊಬ್ಬಿನಾಮ್ಲ ಸೇರಿದ ಕೊಲೆಸ್ಟ್ರಾಲ್), ಸ್ವಲ್ಪ ಟ್ರೈಗ್ಲಿಸರೈಡ್, ಹೊರಗೆ ಫಾಸ್ಫೋಲಿಪಿಡ್ ಅನ್ನುವ ಕೊಬ್ಬಿನ ಪದರ, ಅದರ ಸುತ್ತ ಅಪೊ-ಬಿ 100 ಅನ್ನುವ ಒಂದೇ ಒಂದು ದೊಡ್ಡ ಪ್ರೋಟೀನ್. ಕಣದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕೊಲೆಸ್ಟ್ರಾಲೇ. ಜೀವಕೋಶಗಳು ಅಪೊ-ಬಿಯನ್ನೇ ಗುರುತು ಹಿಡಿದು ಕಣವನ್ನು ಒಳಗೆ ಎಳೆದುಕೊಳ್ಳುತ್ತವೆ, ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಹಾಗೆ ಖಾಲಿಯಾಗದೆ ರಕ್ತದಲ್ಲೇ ಸುತ್ತುವ ಕಣಗಳು ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರುತ್ತವೆ. ಬ್ಲಾಕ್ ಶುರುವಾಗುವುದು ಅಲ್ಲಿಂದ.

ಅಂದರೆ ಕಣಗಳು ಎಷ್ಟಿವೆ ಅನ್ನುವುದು ಮುಖ್ಯ. ರಿಪೋರ್ಟಿನ ಎಲ್‌ಡಿಎಲ್ ಅಂಕಿ ಹೇಳುವುದು ಆ ಕಣಗಳೊಳಗಿನ ಕೊಲೆಸ್ಟ್ರಾಲ್ ಎಷ್ಟು ಅಂತ, ಕಣಗಳು ಎಷ್ಟು ಅಂತ ಅಲ್ಲ. ಶುಗರ್ ಇದ್ದು ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ, ನಮ್ಮ ದೇಶದಲ್ಲಂತೂ ಇಂಥವರು ತುಂಬಾ ಜನ, ಕಣಗಳು ಸಣ್ಣದಾಗಿ ಒಂದೊಂದರಲ್ಲೂ ಕೊಲೆಸ್ಟ್ರಾಲ್ ಕಡಿಮೆ ಇರುತ್ತದೆ. ಅಂಕಿ ಚೆನ್ನಾಗಿ ಕಾಣುತ್ತದೆ, ಕಣಗಳು ಮಾತ್ರ ಜಾಸ್ತಿ. ಒಂದು ಕಣಕ್ಕೆ ಒಂದೇ ಅಪೊ-ಬಿ ಆದ್ದರಿಂದ ಅಪೊ-ಬಿ ಪರೀಕ್ಷೆ ಮಾಡಿಸಿದರೆ ಇದು ಗೊತ್ತಾಗುತ್ತದೆ. ಅದಕ್ಕೆ ಖಾಲಿ ಹೊಟ್ಟೆಯಲ್ಲೂ ಬರಬೇಕಿಲ್ಲ.

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಎಲ್‌ಡಿಎಲ್‌ಗೆ ಎಲ್ಲರಿಗೂ ಒಂದೇ ಮಿತಿ ಇಲ್ಲ. ಸಾಮಾನ್ಯ ಜನರಿಗೆ 100ರೊಳಗೆ, ಅಪಾಯ ಹೆಚ್ಚಿರುವವರಿಗೆ 70ರೊಳಗೆ, ಹೃದಯಾಘಾತ ಆದಂಥವರಿಗೆ 55ರೊಳಗೆ. ಈ ಮೂರು ಅಂಕಿಗಳನ್ನು ದಯವಿಟ್ಟು ನಿಮ್ಮ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ಲ್ಯಾಬ್‌ನವರು ಹೇಳಿದರೆ ಕೇಳದವರೂ ಪೇಪರಿನಲ್ಲಿ ಬಂದರೆ ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

– ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ