ಹಸುಗೂಸಿಗೆ ಪ್ಲೇಟ್‌ಲೆಟ್: ಕೊಡುವ ಮುಂಚೆ ಇನ್ನೊಂದು ಸಲ ನೋಡಿ

ಸಂಪಾದಕರಿಗೆ,

ಮಾನ್ಯರೇ,

ನಾನು ಬೆಂಗಳೂರಿನ ಆಸ್ಪತ್ರೆಯೊಂದರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸ್ಟಾಫ್ ನರ್ಸ್ ಆಗಿದ್ದವಳು. ಈಗ ನಿವೃತ್ತಿಯಾಗಿದೆ. ಆದರೂ ಮಳೆಗಾಲ ಬಂದು, ಡೆಂಗಿ ಜಾಸ್ತಿಯಾಗಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು) ಸಿಗುತ್ತಿಲ್ಲ ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ಒಂದು ರಾತ್ರಿ ನೆನಪಾಗುತ್ತದೆ.

29 ವಾರಕ್ಕೇ ಹುಟ್ಟಿದ ಹೆಣ್ಣು ಮಗು. ತೂಕ 1,100 ಗ್ರಾಂ. ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಪ್ಲೇಟ್‌ಲೆಟ್ ಕೌಂಟ್ 41,000 ಬಂತು, ಅಂದರೆ ಕಡಿಮೆ. ಮಗುವಿಗೆ ಎಲ್ಲೂ ರಕ್ತಸ್ರಾವ ಇರಲಿಲ್ಲ. ಆದರೂ ಪ್ಲೇಟ್‌ಲೆಟ್ ತನ್ನಿ ಅಂತ ಅಪ್ಪನ ಕೈಗೆ ಚೀಟಿ ಕೊಟ್ಟೆವು. ಕಾಮಾಕ್ಷಿಪಾಳ್ಯದ ಆಟೋ ಡ್ರೈವರ್ ಅವರು. ಸುರಿಯೋ ಮಳೆಯಲ್ಲಿ ಮೂರು ಬ್ಲಡ್ ಬ್ಯಾಂಕ್ ಅಲೆದು, ರಾತ್ರಿ ಎರಡೂವರೆಗೆ ಚೀಲವನ್ನು ಶರ್ಟಿನೊಳಗೆ ಇಟ್ಟುಕೊಂಡು ಬಂದರು. ಅದರಲ್ಲಿ ಸುಮಾರು 50 ಎಂಎಲ್ ಇತ್ತು. ಮಗುವಿಗೆ ಬೇಕಾಗಿದ್ದು ಬರೀ 14. ಉಳಿದದ್ದನ್ನು ಆಸ್ಪತ್ರೆ ಕಸದ ಹಳದಿ ಬಕೆಟ್‌ಗೆ ಹಾಕಿದ್ದು ನನ್ನ ಕೈಯೇ.

ಬೆಳಿಗ್ಗೆ ರಿಪೋರ್ಟನ್ನು ಸರಿಯಾಗಿ ಓದಿದೆ. ಕೆಳಗೆ ಲ್ಯಾಬಿನವರು ಒಂದು ಸಾಲು ಬರೆದಿದ್ದರು: ಪ್ಲೇಟ್‌ಲೆಟ್ ಗುಂಪುಗೂಡಿವೆ, ಮತ್ತೆ ಸ್ಯಾಂಪಲ್ ಕಳಿಸಿ. ಹಿಮ್ಮಡಿ ರಕ್ತದಲ್ಲಿ ಹೀಗಾಗುತ್ತದೆ. ಗುಂಪುಗೂಡಿದ್ದನ್ನು ಮೆಷಿನ್ ಎಣಿಸುವುದಿಲ್ಲ, ಕೌಂಟ್ ಸುಳ್ಳೇ ಕಡಿಮೆ ತೋರಿಸುತ್ತದೆ. ಆ ಸಾಲನ್ನು ರಾತ್ರಿ ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ. ಮಗು ಚೆನ್ನಾಗಿಯೇ ಮನೆಗೆ ಹೋಯಿತು, ಅದು ದೇವರ ದಯೆ.

ಕೊಟ್ಟರೆ ನಷ್ಟವೇನು ಅಂತ ಆಗ ನಾವೆಲ್ಲ ಅಂದುಕೊಂಡಿದ್ದೆವು. ನಷ್ಟವಿದೆ. ಬ್ರಿಟನ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್‌ನಲ್ಲಿ ದಿನ ತುಂಬುವ ಮುಂಚೆ ಹುಟ್ಟಿದ 660 ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ 2019ರಲ್ಲಿ ಅಚ್ಚಾಯಿತು. ಕೌಂಟ್ 50,000ಕ್ಕಿಂತ ಇಳಿದ ಕೂಡಲೇ ಪ್ಲೇಟ್‌ಲೆಟ್ ಕೊಟ್ಟ ಗುಂಪಿನಲ್ಲಿ, 28 ದಿನದೊಳಗೆ ನೂರಕ್ಕೆ 26 ಮಕ್ಕಳು ತೀರಿಕೊಂಡರು ಅಥವಾ ಅವರಿಗೆ ದೊಡ್ಡ ರಕ್ತಸ್ರಾವವಾಯಿತು. 25,000ದವರೆಗೆ ಕಾದ ಗುಂಪಿನಲ್ಲಿ ನೂರಕ್ಕೆ 19. ಅದೇ ಮಕ್ಕಳನ್ನು ಎರಡು ವರ್ಷದ ವಯಸ್ಸಿನಲ್ಲಿ ನೋಡಿದಾಗಲೂ, ಕಾದ ಗುಂಪಿನವರೇ ಮೇಲಾಗಿದ್ದರು. ಹಸುಗೂಸಿನ ರಕ್ತಕ್ಕೆ ತನ್ನದೇ ಒಂದು ಹದ ಇರುತ್ತದೆ. ದಾನಿಗಳಾದ ದೊಡ್ಡವರ ಪ್ಲೇಟ್‌ಲೆಟ್ ಮಗುವಿನದಕ್ಕಿಂತ ಚುರುಕು. ಸುಮ್ನೆ ನಂಬರ್ ನೋಡಿ ಅದನ್ನು ಒಳಗೆ ಬಿಡುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ರಕ್ತ ಸೋರುತ್ತಿರುವ ಮಗು, ಆಪರೇಷನ್‌ಗೆ ಹೋಗುವ ಮಗು, ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಪ್ಲೇಟ್‌ಲೆಟ್ ನಾಶ ಮಾಡುತ್ತಿರುವ ಮಗು, ಇವರ ಲೆಕ್ಕ ಬೇರೆ. ಅಲ್ಲಿ ಡಾಕ್ಟರ್ ಹೇಳಿದ ಮೇಲೆ ತಡ ಮಾಡಲೇಬಾರದು. ಈ ಪತ್ರ ಓದಿ ಯಾವ ತಂದೆ-ತಾಯಿಯೂ ಪ್ಲೇಟ್‌ಲೆಟ್ ಬೇಡ ಅನ್ನಬಾರದು.

ನಾನು ಕೇಳುವುದು ಇಷ್ಟು. ಯಾವ ಕೌಂಟ್‌ಗೆ ಕೊಡಬೇಕು ಅನ್ನುವುದು ಎಲ್ಲ ಎನ್‌ಐಸಿಯುನಲ್ಲೂ ಬರೆದಿಟ್ಟ ನಿಯಮವಾಗಲಿ. ಈಗ ಅದು ಡ್ಯೂಟಿ ಡಾಕ್ಟರ್ ಬದಲಾದ ಹಾಗೆ ಬದಲಾಗುವುದನ್ನು ನಾನೇ ಕಂಡಿದ್ದೇನೆ. ಕೌಂಟ್ ಕಡಿಮೆ ಬಂದರೆ, ಮಗು ಸ್ಥಿರವಾಗಿದ್ದರೆ, ರಕ್ತನಾಳದಿಂದ ರಕ್ತ ತೆಗೆದು ಇನ್ನೊಮ್ಮೆ ನೋಡಲಿ. ಏಕೆ ಕೊಟ್ಟೆವು ಅಂತ ಕೇಸ್‌ಶೀಟಿನಲ್ಲಿ ಒಂದು ಸಾಲು ಇರಲಿ. ಬ್ಲಡ್ ಬ್ಯಾಂಕಿನವರು ಒಬ್ಬ ದಾನಿಯ ಪ್ಲೇಟ್‌ಲೆಟ್ಟನ್ನು ಚಿಕ್ಕ ಚೀಲಗಳಿಗೆ ಹಂಚಿ ಕೊಡಬಹುದು. ಅದಕ್ಕೆ ಬೇಕಾದ ಯಂತ್ರ ಇದೆ. ಐದೇ ದಿನ ಉಳಿಯುವ ವಸ್ತು ಅದು, ಬಕೆಟ್‌ಗೆ ಹೋಗಬಾರದು.

ಡಾಕ್ಟರುಗಳಲ್ಲಿ ಇನ್ನೊಂದು ಮಾತು. ರಾತ್ರಿ ಡ್ಯೂಟಿಯ ಸಿಸ್ಟರ್ ಹತ್ತಿರ ಬಂದು "ಸರ್, ಒಂದು ಸಲ ರಿಪೀಟ್ ಕಳಿಸೋಣ್ವಾ?" ಅಂತ ಕೇಳಿದರೆ ದಯವಿಟ್ಟು ಬೈಯಬೇಡಿ.

– ನಿವೃತ್ತ ಸ್ಟಾಫ್ ನರ್ಸ್, ವಿಜಯನಗರ, ಬೆಂಗಳೂರು